ರಾಕೆಟ್ಟು, ಹುಲಿ-ಕುರಿ ಮತ್ತು ಮನೆಯೊಳಗಿನ ಅಚ್ಚುಕೂಟ

‘ಸರ, ನೀವು ಸಾಯನ್ಸ್ ಕಲಸಾವ್ರು. ನೀವರ ಒಂದೀಟು ಬುದ್ಧಿ ಹೇಳ್ರಿ ಇವಂಗ. ಮೂರೂ ಹೊತ್ತು ಮೊಬೈಲ್ ಹಿಡಕೊಂಡು ಕುಂತಿರ್ತಾನ. ಆಟ ಆಡ್ತಾನ, ಇಲ್ಲಾಂದ್ರ ಆ ರಾಕೆಟ್ಟಿನ ಸೀರಿಯಲ್ ನೋಡ್ತಾನ. ಅದೂ ಇಲ್ಲಾಂದ್ರ ಏನೋ ಬರದು ಬ್ಲಾಗ್‌ನ್ಯಾಗ ಹಾಕ್ತೀನಿ ಅಂತಾನ!’

ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ನಮ್ಮ ಕಡೆಯ ಯಾವ ಶಾಲೆಯ ಪಾಲಕರ ಸಭೆಗೆ ಹೋದರೂ ಈ ಮಾತು ಕೇಳದೆ ಹೊರಬರುವಂತಿಲ್ಲ. ತಪ್ಪು ಮೂರು, ಆರೋಪಿ ಒಬ್ಬ. ಶಿಕ್ಷೆಯೂ ಸಾಮಾನ್ಯವಾಗಿ ಸಭೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ: ಪರೀಕ್ಷೆ ಮುಗಿಯುವತನಕ ಫೋನು ಕಪಾಟಿನೊಳಗೆ!

ಪಾಲಕರ ಆತಂಕ ಸುಳ್ಳಲ್ಲ. ಅದಕ್ಕೆ ಆಮೇಲೆ ಬರೋಣ. ಆದರೆ ಈ ಮೂರು ‘ಚಟ’ಗಳು, ಅಂದರೆ ವಿಜ್ಞಾನ ಕಲ್ಪನೆಯ ಧಾರಾವಾಹಿ, ಕಂಪ್ಯೂಟರ್ ಆಟ ಮತ್ತು ಬ್ಲಾಗ್ ಬರೆಯುವ ತಂತ್ರಾಂಶ, ಒಂದೇ ಮನೆತನದವು ಎಂಬುದು ಎಷ್ಟು ಜನರಿಗೆ ಗೊತ್ತು? ಮೂರನ್ನೂ ಬೆಳೆಸಿದವರಲ್ಲಿ ಕಾಲೇಜು ಹುಡುಗರು, ಕೆಲಸ ಮುಗಿಸಿ ರಾತ್ರಿ ಕುಳಿತ ಹವ್ಯಾಸಿಗಳು, ಕಡೆಗೆ ಹೈಸ್ಕೂಲಿನ ಒಬ್ಬ ವಿದ್ಯಾರ್ಥಿಯೂ ಇದ್ದಾನೆ. ಮೊದಲು ಆ ವಿದ್ಯಾರ್ಥಿಯ ಕಥೆ ಕೇಳಿ.

ಅಮೆರಿಕದಲ್ಲಿ 1966ರಿಂದ 1969ರವರೆಗೆ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ ಪ್ರಸಾರವಾಯಿತು. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಕಥೆ. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಅದು ಬಂದಿತ್ತು. ಓಣಿಗೊಂದು ಟೀವಿ ಇದ್ದ ಕಾಲ. ಇಂಗ್ಲಿಷ್ ತಿಳಿಯದಿದ್ದರೂ ಆ ಉದ್ದ ಕಿವಿಯ ಮನುಷ್ಯನನ್ನು ನೋಡಲು ಜನ ಕೂಡುತ್ತಿದ್ದರು. ಮುಂದೆ 1989ರ ‘ಇಂದ್ರಧನುಷ್’, 1998ರ ‘ಕ್ಯಾಪ್ಟನ್ ವ್ಯೋಮ್’ ಬಂದವು. ರಟ್ಟಿನ ನೌಕೆ, ತಗಡಿನ ಉಡುಪು ಎಂದು ನಕ್ಕವರೂ ಉಂಟು. ನಗಲಿ ಬಿಡಿ.

1971ರಲ್ಲಿ ಕ್ಯಾಲಿಫೋರ್ನಿಯಾದ ಮೈಕ್ ಮೇಫೀಲ್ಡ್ ಎಂಬ ಹೈಸ್ಕೂಲು ಹುಡುಗನಿಗೆ ಈ ಧಾರಾವಾಹಿಯನ್ನೇ ಒಂದು ಆಟವಾಗಿ ಮಾಡಬೇಕೆಂಬ ಆಸೆ ಹುಟ್ಟಿತು. ಅವನಿಗೆ ಸಿಕ್ಕ ಕಂಪ್ಯೂಟರಿಗೆ ಚಿತ್ರ ತೋರಿಸುವ ಪರದೆಯೇ ಇರಲಿಲ್ಲ. ಹಳೆಯ ತಾರು ಕಚೇರಿಯಲ್ಲಿದ್ದಂಥ ಟೆಲಿಪ್ರಿಂಟರ್ ಒಂದಿತ್ತು. ಕೀಲಿ ಒತ್ತಿದರೆ ಉತ್ತರ ಕಾಗದದ ಮೇಲೆ ಟಕಟಕನೆ ಮುದ್ರಣವಾಗಿ ಬರುತ್ತಿತ್ತು. ಇಂಥದ್ದರಲ್ಲಿ ಅಂತರಿಕ್ಷ ಯುದ್ಧ ಹೇಗೆ ತೋರಿಸುವುದು?

ಹುಡುಗ ಮಾಡಿದ್ದು ನಾವು ಎಂಟನೇ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಮಾಡಿಸುವ ಕೆಲಸವನ್ನೇ. ಇಡೀ ನಕ್ಷತ್ರಲೋಕವನ್ನು 8 ಅಡ್ಡ, 8 ಉದ್ದ, ಹೀಗೆ 64 ಚೌಕಗಳಾಗಿ ಹಂಚಿದ. ಒಂದೊಂದು ಚೌಕದೊಳಗೆ ಮತ್ತೆ 64 ಸಣ್ಣ ಚೌಕ. ಒಟ್ಟು 4096 ಮನೆ. ನೌಕೆ ಯಾವ ಮನೆಯಲ್ಲಿದೆ, ಶತ್ರು ಎಲ್ಲಿ, ನಕ್ಷತ್ರ ಎಲ್ಲಿ ಎಂಬುದನ್ನೆಲ್ಲ ಅಕ್ಷರ ಮತ್ತು ಚಿಹ್ನೆಗಳಲ್ಲೇ ಸೂಚಿಸಿದ. ಕೋನ, ದೂರ, ಉಳಿದ ಇಂಧನ ಎಲ್ಲವೂ ಅಂಕಿಗಳು. ಆಡುವವನು ದಿಕ್ಕು ಹೇಳಬೇಕು, ಕಂಪ್ಯೂಟರ್ ಲೆಕ್ಕ ಹಾಕಿ ಹೊಸ ನಕ್ಷೆ ಮುದ್ರಿಸಬೇಕು. ತ್ರಿಕೋನಮಿತಿ ಜೀವನದಲ್ಲಿ ಎಲ್ಲಿ ಬೇಕು ಸರ್ ಎಂದು ಕೇಳುವ ಮಕ್ಕಳಿಗೆ ನಾನು ಈ ಕಥೆ ಹೇಳುತ್ತೇನೆ.

ಮರುವರ್ಷ ಅವನು ಒಂದು ಕ್ಯಾಲ್‌ಕ್ಯುಲೇಟರ್ ಕೊಂಡ. ಆಗ ಅದನ್ನು ಮಾರುವ ಕಂಪನಿಯ ಸ್ಥಳೀಯ ಕಚೇರಿಯವರು, ನಮ್ಮ ಕಂಪ್ಯೂಟರಿಗೂ ಈ ಆಟ ಬರೆದುಕೊಡು, ನಮ್ಮ ಯಂತ್ರ ಬಳಸಲು ಬಿಡುತ್ತೇವೆ ಎಂದರು. ಬರೆದುಕೊಟ್ಟ. ಡೇವಿಡ್ ಆಲ್ ಎಂಬವರು 1973ರಲ್ಲಿ ಪ್ರಕಟಿಸಿದ ಬೇಸಿಕ್ ಭಾಷೆಯ ಆಟಗಳ ಪುಸ್ತಕಕ್ಕೂ ಅದು ಸೇರಿತು. ಆ ಪುಸ್ತಕದ ಮುಂದಿನ ಆವೃತ್ತಿಯ ಪ್ರತಿಗಳು ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾದವು. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆಟ ಬೇಕಾದ ಮಕ್ಕಳು ಪುಸ್ತಕ ನೋಡಿ ಸಾಲು ಸಾಲಾಗಿ ತಾವೇ ಟೈಪು ಮಾಡಿಕೊಳ್ಳಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಆಟ ಓಡದು. ತಪ್ಪು ಹುಡುಕುತ್ತ ಹುಡುಕುತ್ತ ಒಂದು ಪೀಳಿಗೆಯೇ ಪ್ರೋಗ್ರಾಮಿಂಗ್ ಕಲಿತುಬಿಟ್ಟಿತು.

ಇನ್ನೊಂದು ಉದಾಹರಣೆ ಪಾಲಕರಿಗಾಗಿಯೇ ಹೇಳುತ್ತೇನೆ. 1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಸೌರವ್ಯೂಹದೊಳಗೆ ನೌಕೆ ನಡೆಸುವ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದ. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು! ಅದಕ್ಕೆ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಸಣ್ಣ ಯಂತ್ರವೊಂದನ್ನು ಹಿಡಿದು, ಆಟವನ್ನು ಅದರ ಮೇಲೆ ಕೂರಿಸಲು ಹೊರಟ. ಆ ಯಂತ್ರವನ್ನು ಪಳಗಿಸುವ ಕೆಲಸವೇ ಮುಂದೆ ‘ಯುನಿಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯಾಯಿತು. ಅದರ ಮಾದರಿಯಲ್ಲೇ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಬರೆದ. ನಿಮ್ಮ ಮಗನಿಂದ ಕಿತ್ತುಕೊಂಡು ಕಪಾಟಿನಲ್ಲಿಟ್ಟಿರುವ ಆಂಡ್ರಾಯ್ಡ್ ಫೋನಿನ ತಿರುಳು ಇದೇ ಲಿನಕ್ಸ್.

ಈಗ ಮೂರನೆಯ ಆಪಾದನೆ, ಬ್ಲಾಗು. ಇದನ್ನು ಅರ್ಥಮಾಡಿಕೊಳ್ಳಲು ಗದಗಿನವರಿಗೆ ಹೆಚ್ಚು ಕಷ್ಟವಿಲ್ಲ, ಯಾಕೆಂದರೆ ನಮ್ಮದು ಅಚ್ಚುಕೂಟಗಳ ಊರು. ಗದಗನ್ನು ಮುದ್ರಣ ಕಾಶಿ ಎಂದು ಕರೆಯುವುದುಂಟು. ಅಚ್ಚುಮೊಳೆ ಜೋಡಿಸುವವರ ಬೆರಳಿನ ವೇಗವನ್ನು ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನೂ ಹಿಂದೆ ಹೋದರೆ, ಪಕ್ಕದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ, ಕೈಬರಹದಲ್ಲಿ, ಸಾವಿರ ಪ್ರತಿ! ಬರೆದದ್ದು ನಾಲ್ಕು ಜನರಿಗೆ ಮುಟ್ಟಬೇಕೆಂದರೆ ಅಂದು ಅತ್ತಿಮಬ್ಬೆಯಂಥ ದಾನಿ ಬೇಕು, ಆಮೇಲೆ ಅಚ್ಚುಕೂಟದ ಮಾಲೀಕ ಬೇಕು. ಬ್ಲಾಗ್ ತಂತ್ರಾಂಶವೆಂದರೆ ಇವರಿಬ್ಬರೂ ಇಲ್ಲದೆ ಮುಂಡರಗಿಯ ಹುಡುಗಿಯೊಬ್ಬಳು ಕಪ್ಪತಗುಡ್ಡದಲ್ಲಿ ಕಂಡ ಗಿಡದ ಬಗ್ಗೆ ಬರೆದು, ಅದೇ ಸಂಜೆ ಜಗತ್ತಿಗೇ ಓದಲು ಕೊಡುವ ಸಾಧನ. ಮನೆಯೊಳಗಿನ ಅಚ್ಚುಕೂಟ ಅನ್ನಿ.

ಇಂಥ ಸಾಧನ ಹುಟ್ಟಿದ್ದೂ ಹವ್ಯಾಸದಿಂದಲೇ. ಫ್ರಾನ್ಸಿನ ಮಿಷೆಲ್ ವಾಲ್ದ್ರಿಗಿ ಎಂಬಾತ ‘ಬಿ2’ ಎಂಬ ಬ್ಲಾಗ್ ತಂತ್ರಾಂಶ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದ. ಕೆಲ ಕಾಲದ ನಂತರ ಅದರ ಕೆಲಸ ನಿಂತಿತು. ಅದನ್ನೇ ಬಳಸುತ್ತಿದ್ದ 19 ವರ್ಷದ ಅಮೆರಿಕದ ವಿದ್ಯಾರ್ಥಿ ಮ್ಯಾಟ್ ಮುಲ್ಲನ್‌ವೆಗ್, ಯಾರಾದರೂ ಇದನ್ನು ಮುಂದುವರಿಸಿದರೆ ಚೆನ್ನಾಗಿತ್ತು ಎಂದು 2003ರ ಜನವರಿಯಲ್ಲಿ ಬರೆದ. ನಾನೂ ಕೈಜೋಡಿಸುತ್ತೇನೆ ಎಂದು ಇಂಗ್ಲೆಂಡಿನ ಮೈಕ್ ಲಿಟ್ಲ್ ಉತ್ತರಿಸಿದರು. ನಾಲ್ಕೇ ತಿಂಗಳಲ್ಲಿ ‘ವರ್ಡ್‌ಪ್ರೆಸ್’ ಹೊರಬಂತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಐದಕ್ಕೆ ಎರಡಾದರೂ ಅದರ ಮೇಲೇ ನಿಂತಿವೆ. ಹಳೆಯದನ್ನು ಇವರು ತಿದ್ದಲು ಸಾಧ್ಯವಾದದ್ದು, ಬಿ2 ಬರೆದವನು ಮುಚ್ಚಳಕ್ಕೆ ಬೀಗ ಹಾಕಿರಲಿಲ್ಲವಾದ್ದರಿಂದ. ಬೇಕಾದವರು ತೆರೆದು ನೋಡಿ ಬದಲಿಸಬಹುದೆಂಬ ಪರವಾನಗಿ ಅದಕ್ಕಿತ್ತು.

ಸಾಧನವೇನೋ ಬಂತು. ಆದರೆ ಕನ್ನಡ? ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಯ ಕೆರೆ. ಅಲ್ಲಿಯ ಮಾತೇ ತಿರುಳ್ಗನ್ನಡ ಎಂದು ‘ಕವಿರಾಜಮಾರ್ಗ’ದ ಕಾಲದಿಂದ ಹೆಸರಾದದ್ದು. ಅಂಥ ನೆಲದ ಹುಡುಗ ಕಂಪ್ಯೂಟರಿನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಾರದ ಸ್ಥಿತಿ ಬಹಳ ದಿನ ಇತ್ತು. ಕೀಲಿಮಣೆಯಲ್ಲಿ ಇರುವುದು ಇಂಗ್ಲಿಷಿನ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಸಾವಿರಗಟ್ಟಲೆ ರೂಪ.

ಇದನ್ನು ಬಿಡಿಸಿದವರಲ್ಲಿ ಮೊದಲು ನೆನೆಯಬೇಕಾದವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರ ಯೋಚನೆ ಎಷ್ಟು ಸರಳವೆಂದರೆ, ಕೇಳಿದ ಮೇಲೆ ಇಷ್ಟೇನಾ ಅನ್ನಿಸುತ್ತದೆ. ಕನ್ನಡವನ್ನು ಕಂಡಂತೆ ಬರೆಯಬೇಡಿ, ನುಡಿದಂತೆ ಬರೆಯಿರಿ! ‘ಸ್ತ್ರೀ’ ಎಂಬುದನ್ನು ಮೊಳೆಗಳಲ್ಲಿ ಜೋಡಿಸುವವನು ಕಣ್ಣಿಗೆ ಕಾಣುವ ಆಕಾರಗಳನ್ನು ಹುಡುಕಿ ಮೇಲೆ ಕೆಳಗೆ ಕೂರಿಸುತ್ತಿದ್ದ. ಕಂಪ್ಯೂಟರಿನಲ್ಲಿ ಹಾಗಲ್ಲ. ಸ, ಕೂಡಿಸುವ ಕೀಲಿ, ತ, ಮತ್ತೆ ಕೂಡಿಸುವ ಕೀಲಿ, ರ, ಕೊನೆಗೆ ದೀರ್ಘ ಈಕಾರ. ಆರು ಹೊಡೆತ, ಬಾಯಲ್ಲಿ ಬರುವ ಕ್ರಮದಲ್ಲೇ. ಆ ಕೂಡಿಸುವ ಕೆಲಸಕ್ಕೆ ಅವರು ಇಟ್ಟದ್ದು ಎಫ್ ಕೀಲಿ. ಆಕಾರ ಕೂಡಿಸುವ ತಲೆನೋವು ಯಂತ್ರದ್ದು. ರಾಜ್ಯ ಸರ್ಕಾರ ಒಪ್ಪಿಕೊಂಡದ್ದೂ ಈ ವಿನ್ಯಾಸವನ್ನೇ, ಸರ್ಕಾರಿ ಕಚೇರಿಗಳ ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಇದೇ.

1991ರಲ್ಲಿ ಬಂದ ಯುನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯೂ ಇದೇ ತತ್ವದ್ದು. ಅದರಲ್ಲಿ ಕನ್ನಡಕ್ಕೆ ಕಾದಿರಿಸಿದ್ದು 128 ಆಸನ ಮಾತ್ರ. ಸಾವಿರಗಟ್ಟಲೆ ರೂಪಗಳು ಅಷ್ಟರೊಳಗೇ ಹಿಡಿಯುತ್ತವೆ! ವಿಜ್ಞಾನದ ಮಕ್ಕಳಿಗೆ ಇದು ವಿಚಿತ್ರವೆನಿಸಬಾರದು. ನೂರಕ್ಕೆ ಸ್ವಲ್ಪ ಹೆಚ್ಚು ಮೂಲಧಾತುಗಳಿಂದ ಲಕ್ಷಾಂತರ ಸಂಯುಕ್ತಗಳು ಆಗುವುದಿಲ್ಲವೆ?

ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಎಂಬ ಮೊದಲ ಕನ್ನಡ ಅಂತರಜಾಲ ಪತ್ರಿಕೆ ತಂದರು. ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು ಚಿತ್ರ ಬಿಡಿಸುವ ‘ಕನ್ನಡ ಲೋಗೊ’ವನ್ನೂ ಮಾಡಿದರು. (ಅದು ನಮ್ಮ ಶಾಲೆಗಳಲ್ಲಿ ಹೆಚ್ಚು ಬಳಕೆಗೆ ಬರಲಿಲ್ಲ ಎಂಬ ಕೊರಗು ನನಗಿದೆ.) ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಹಂಚಿದರು. ಕನ್ನಡದಲ್ಲಿ ಬ್ಲಾಗು ಬರೆಯುವ ನಿಮ್ಮ ಮಗ ಇವರೆಲ್ಲರ ಮೊಳೆಗಳನ್ನೇ ಜೋಡಿಸುತ್ತಿದ್ದಾನೆ.

ಹಾಗಾದರೆ ಮೊಬೈಲ್ ಹಿಡಿದು ಕುಂತವರೆಲ್ಲ ಕೆನ್ ಥಾಂಪ್ಸನ್ನರೇ? ಖಂಡಿತ ಅಲ್ಲ. ಆಟದ ಮೇಲೆ ಹಿಡಿತ ತಪ್ಪಿ ಓದು, ನಿದ್ದೆ, ಗೆಳೆತನ ಎಲ್ಲ ಕೆಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಂತೂ ಇಸ್ಪೀಟು ಕಟ್ಟೆಯ ತಮ್ಮಂದಿರು. ಅವುಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಇವುಗಳ ಪರ ನನ್ನದೊಂದು ಮಾತೂ ಇಲ್ಲ. ನನ್ನ ಮಟ್ಟಿಗೆ ಹುಡುಗನನ್ನು ಕೇಳಬೇಕಾದ ಪ್ರಶ್ನೆ ಎಷ್ಟು ಹೊತ್ತು ಆಡಿದೆ ಎಂಬುದೊಂದೇ ಅಲ್ಲ. ಆ ಆಟ ಹೇಗೆ ನಡೆಯುತ್ತದೆ, ಹೇಳು ನೋಡೋಣ ಎಂದೂ ಕೇಳಿ. ವಿವರಿಸಲು ಹೊರಟನೆಂದರೆ ಅವನು ಮುಚ್ಚಳ ತೆರೆಯಲು ಶುರು ಮಾಡಿದ್ದಾನೆ ಎಂದೇ ಲೆಕ್ಕ. ಉತ್ತರವೇ ಬರದಿದ್ದರೆ, ಫೋನು ಕಪಾಟು ಸೇರುವುದಕ್ಕೆ ನನ್ನ ಅಡ್ಡಿಯಿಲ್ಲ.

ಮುಚ್ಚಳ ತೆರೆಯುವುದಕ್ಕೆ ದುಬಾರಿ ಕಂಪ್ಯೂಟರೂ ಬೇಕಿಲ್ಲ, ಗುಡಿಯ ಕಟ್ಟೆಯ ಮೇಲಿನ ಹುಲಿ-ಕುರಿ ಆಟ ಸಾಕು. ಈ ಆಟ ಊರಿಂದೂರಿಗೆ ಬೇರೆ ಬೇರೆ. ಪ್ರಚಲಿತವಾದ ಒಂದು ಬಗೆಯಲ್ಲಿ ಹುಲಿ 3, ಕುರಿ 15, ಗೆರೆಗಳು ಕೂಡುವ ಮನೆಗಳು 23. ಹುಲಿ ಕುರಿಯ ಮೇಲೆ ನೇರವಾಗಿ ಹಾರಿ ಆಚೆಯ ಖಾಲಿ ಮನೆಗೆ ಹೋದರೆ ಕುರಿ ಸತ್ತಿತು. ಹುಲಿಗೆ ಅಲ್ಲಾಡಲು ಜಾಗವಿಲ್ಲದಂತೆ ಸುತ್ತುವರಿದರೆ ಕುರಿಗಳು ಗೆದ್ದವು. ಇದರ ನೇಪಾಳಿ ದಾಯಾದಿ ‘ಬಾಘ್ ಚಾಲ್’ನಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ತೋರಿಸಿದ್ದಾರೆ. ಪ್ರಬಂಧ 2009ರಲ್ಲಿ ಪ್ರಕಟವಾಗಿದೆ.

ಕಂಪ್ಯೂಟರಿಗೆ ಈ ಆಟ ಕಲಿಸುವ ಮೊದಲ ಹೆಜ್ಜೆ ನೋಟ್‌ಬುಕ್ಕಿನಲ್ಲೇ ಆಗುತ್ತದೆ. ತುದಿಯ ಮನೆಯಿಂದ ನಾಲ್ಕು ಗೆರೆ ಕೆಳಗಿಳಿಸಿ. ಅವುಗಳಿಗೆ ಅಡ್ಡಲಾಗಿ, ಎರಡೂ ಬದಿ ಹೊರಚಾಚುವಂತೆ ಮೂರು ಗೆರೆ ಎಳೆದು, ಚಾಚಿದ ತುದಿಗಳನ್ನು ಆಯಾ ಬದಿಯಲ್ಲಿ ಮೇಲಿಂದ ಕೆಳಗೆ ಕೂಡಿಸಿ. ಬುಡದಲ್ಲಿ ನಾಲ್ಕು ಗೆರೆಗಳ ಕಾಲನ್ನು ಒಂದು ಗೆರೆಯಿಂದ ಜೋಡಿಸಿ. ತುದಿ 1ನೇ ಮನೆ. ಮೊದಲ ಅಡ್ಡಸಾಲು ಎಡದಿಂದ 2ರಿಂದ 7, ಎರಡನೆಯದು 8ರಿಂದ 13, ಮೂರನೆಯದು 14ರಿಂದ 19, ಬುಡ 20ರಿಂದ 23. ಈಗ ಒಂದೊಂದು ಮನೆಯ ಮುಂದೆ ಅದರ ನೆರೆಮನೆಗಳನ್ನು ಬರೆಯಿರಿ. 1ಕ್ಕೆ 3, 4, 5, 6. 2ಕ್ಕೆ 3 ಮತ್ತು 8. ಹೀಗೇ 23ರವರೆಗೆ. ಆಮೇಲೆ ಹುಲಿ ಹಾರುವ ಪಟ್ಟಿ: 1ರಲ್ಲಿದ್ದ ಹುಲಿ 3ರಲ್ಲಿದ್ದ ಕುರಿಯ ಮೇಲೆ ಹಾರಿದರೆ ಇಳಿಯುವುದು 9ರಲ್ಲಿ. ಈ ಎರಡು ಪಟ್ಟಿ ಸಿದ್ಧವಾದರೆ ಅರ್ಧ ಪ್ರೋಗ್ರಾಮು ಬರೆದಂತೆಯೇ. ಉಳಿದದ್ದಕ್ಕೆ ಶಾಲೆಯ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ‘ಸ್ಕ್ರ್ಯಾಚ್’ ಆದೀತು.

ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. 23 ಮನೆಗಳ ನೆರೆಮನೆಗಳ ಸಂಖ್ಯೆಯನ್ನು ಕೂಡಿಸಿ. ಒಟ್ಟು 76 ಬರಬೇಕು. ಯಾಕೆಂದರೆ ಮನೆಯಿಂದ ಮನೆಗೆ ಹೋಗುವ ಗೆರೆತುಂಡುಗಳು 38, ಪ್ರತಿಯೊಂದೂ ಎರಡೂ ತುದಿಯಿಂದ ಒಂದೊಂದು ಸಲ ಎಣಿಕೆಗೆ ಬರುತ್ತದೆ. 75 ಬಂದರೆ ಎಲ್ಲೋ ಒಂದು ಕಡೆ ‘ಇವನು ಅವನ ನೆರೆಯವ, ಅವನು ಇವನ ನೆರೆಯವನಲ್ಲ’ ಎಂದು ಬರೆದುಕೊಂಡಿದ್ದೀರಿ. ಪೆನ್ಸಿಲ್ ಹಿಡಿದು ಮತ್ತೆ 1ನೇ ಮನೆಯಿಂದ ಶುರು ಮಾಡಿ.