ಚಾಪ್ಲಿನ್ ಬಂದಿಳಿದ ಬಂದರಿನಲ್ಲಿ ಕಾಯ್ಕಿಣಿಯವ!

ಜಪಾನ್ ಅಂದಕೂಡಲೇ ಸಿನಿಮಾ ರಸಿಕರಿಗೆ ನೆನಪಾಗುವುದು 1966ರ ‘ಲವ್ ಇನ್ ಟೋಕಿಯೋ’. ಹುಡುಗಿಯರ ಜಡೆಯ ರಬ್ಬರ್ ಬ್ಯಾಂಡಿಗೂ ಅದೇ ಹೆಸರು ಬಿತ್ತಲ್ಲ! ಆದರೆ ಮಿತ್ರರೇ, ಸಿನಿಮಾ ಹುಚ್ಚಿರುವವ ಜಪಾನಿಗೆ ಹೋದರೆ ಟೋಕಿಯೋಕ್ಕಿಂತ ಮೊದಲು ನೋಡಬೇಕಾದ ಊರು ಬೇರೆಯೇ ಇದೆ. ಅದು ಕೋಬೆ. ಒಸಾಕದಿಂದ ರೈಲಿನಲ್ಲಿ ಅರ್ಧ ತಾಸು, ಅಷ್ಟೇ.

ಮುರ್ಡೇಶ್ವರದ ಮಗ್ಗುಲಿನ ಕಾಯ್ಕಿಣಿಯವನಾದ ನನಗೆ ಕೋಬೆ ಹೊಸ ಊರು ಅನ್ನಿಸಲೇ ಇಲ್ಲ. ಎದುರಿಗೆ ಸಮುದ್ರ, ಬೆನ್ನಿಗೆ ಹಸಿರು ಗುಡ್ಡ, ನಡುವೆ ಇಷ್ಟೇ ಇಷ್ಟು ನೆಲ... ಥೇಟ್ ನಮ್ಮ ಕಡೆಯ ಹಾಗೇ! ಬಂದರಿನಲ್ಲಿ ಕೆಂಪು ಬಣ್ಣದ ಗೋಪುರವೊಂದಿದೆ. 1963ರಲ್ಲಿ ಕಟ್ಟಿದ್ದು, ಎತ್ತರ 108 ಮೀಟರ್. ನಡು ಸಣ್ಣ, ಮೇಲೆ ಕೆಳಗೆ ಅಗಲ. ಜಪಾನಿಯರು ಅದನ್ನು ತಮ್ಮ ಕೈಚೆಂಡೆಗೆ ಹೋಲಿಸುತ್ತಾರೆ. ನನಗೆ ಕಂಡದ್ದು ಶಿವನ ಡಮರು!

ಪೆಟ್ಟಿಗೆಯೊಳಗಿನ ಸಿನಿಮಾ

ಗೋಪುರದ ಪಕ್ಕದಲ್ಲೇ ಮೆರಿಕೆನ್ ಪಾರ್ಕ್. ‘ಅಮೆರಿಕನ್’ ಅನ್ನುವ ಮಾತು ಜಪಾನಿಯರ ಬಾಯಲ್ಲಿ ‘ಮೆರಿಕೆನ್’ ಆಗಿದೆ, ನಮ್ಮಲ್ಲಿ ಹಾಸ್ಪಿಟಲ್ ಆಸ್ಪತ್ರೆ ಆದ ಹಾಗೆ. ಈ ಪಾರ್ಕಿನಲ್ಲಿ ಕಲ್ಲಿನದೊಂದು ಸ್ಮಾರಕ ಉಂಟು. ಕಲ್ಲಿನಲ್ಲೇ ಪರದೆಯ ಚೌಕಟ್ಟು, ಮುಂದೆ ಕುರ್ಚಿಗಳ ಹಾಗೆ ಕಲ್ಲುಗಳು, ಅವುಗಳ ಮೇಲೆ ತಾರೆಯರ ಹೆಸರು!

ಯಾಕೆ ಅಂತೀರಾ? ಎಡಿಸನ್ನನ ಕಿನೆಟೋಸ್ಕೋಪ್ ಜಪಾನಿನಲ್ಲಿ ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದದ್ದು 1896ರ ನವೆಂಬರಿನಲ್ಲಿ, ಇದೇ ಕೋಬೆಯಲ್ಲಿ. ಅದಕ್ಕೆ ಪರದೆ ಇಲ್ಲ. ಮರದ ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರೇ ನೋಡಬೇಕು. ಅದೇ ವರ್ಷದ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದ್ದರು. ಎರಡೂ ಬಂದರು ಊರುಗಳೇ. ಸಿನಿಮಾ ಲೋಕ ಸುತ್ತಿದ್ದು ಹಡಗು ಹತ್ತಿ!

ಚಾಪ್ಲಿನ್ ಮಹಾಶಯನೂ ಹಾಗೆಯೇ ಬಂದ. 1932ರ ಮೇ 14ರಂದು ಕೋಬೆಯಲ್ಲಿ ಇಳಿದು ಟೋಕಿಯೋಕ್ಕೆ ಹೋದ. ಮಾರನೇ ದಿನ ಪ್ರಧಾನಿ ಇನುಕಾಯಿಯ ಮಗನ ಜೊತೆ ಸುಮೋ ಕುಸ್ತಿ ನೋಡುತ್ತಿದ್ದಾಗಲೇ ಅತ್ತ ಪ್ರಧಾನಿಯ ಮನೆಗೆ ನುಗ್ಗಿದ ನೌಕಾಪಡೆಯ ತರುಣ ಅಧಿಕಾರಿಗಳು ಅವರನ್ನು ಗುಂಡಿಟ್ಟು ಕೊಂದರು. ಸಂಚುಗಾರರು ಚಾಪ್ಲಿನ್ನನನ್ನೂ ಮುಗಿಸುವ ಯೋಚನೆ ಮಾಡಿದ್ದರೆಂಬುದು ಆಮೇಲೆ ವಿಚಾರಣೆಯಲ್ಲಿ ಬಯಲಾಯಿತು. ಎಂಥ ಕ್ಲೈಮ್ಯಾಕ್ಸ್! ಕೋಬೆಯ ಹಳೇ ಥಿಯೇಟರ್ ಪೇಟೆ ಶಿಂಕಾಯ್ಚಿಯ ಬಾಗಿಲ ಕಮಾನು ಇಂದಿಗೂ ಆ ಹ್ಯಾಟಿನವನ ಆಕಾರದಲ್ಲೇ ನಿಂತಿದೆ.

ಕಂಡಕ್ಟರನ ಹೆಸರು ಹೇಳಿದ ಅಜ್ಜ

ಆ ಕಲ್ಲಿನ ಹತ್ತಿರ ನಿಂತಿದ್ದಾಗ ಒಬ್ಬ ಅಜ್ಜ ನನ್ನ ಮುಖ ನೋಡಿ “ಇಂದೋ?” ಅಂದ. ಇಂಡಿಯಾದವನಾ ಅಂತ. ತಲೆ ಆಡಿಸಿದೆ. ಮುಖ ಅರಳಿಸಿ “ಮುತ್ತು! ರಜನಿ!” ಅಂದು ಕೈಯೆತ್ತಿ ಒಂದು ಸ್ಟೆಪ್ಪೇ ಹಾಕಿಬಿಟ್ಟ! 1998ರಲ್ಲಿ ಜಪಾನಿನಲ್ಲಿ ‘ಮುತ್ತು’ ತೆರೆಕಂಡಾಗ ಅಲ್ಲಿಟ್ಟ ಹೆಸರಿನ ಅರ್ಥ ‘ಕುಣಿಯುವ ಮಹಾರಾಜ’. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವನಿಗೆ ಸಿಕ್ಕ ಪಟ್ಟ ಅದು. 2023ರ ಜುಲೈ 14ರಂದು ‘ಕೆ.ಜಿ.ಎಫ್.’ ಎರಡೂ ಭಾಗ ಜಪಾನಿಗೆ ಹೋದವು. ಯಶ್ ಕೂಡ ಬಸ್ ಡ್ರೈವರರ ಮಗ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಓದುತ್ತಿರುವ ತಮ್ಮಂದಿರೇ, ಎದೆ ಉಬ್ಬಿತಾ?

ಮುರಿದ ಧಕ್ಕೆ

ಅದೇ ಪಾರ್ಕಿನ ಅಂಚಿಗೆ ಹೋದರೆ ಮಾತೇ ನಿಲ್ಲುತ್ತದೆ. 1995ರ ಜನವರಿ 17, ಬೆಳಗಿನ 5 ಗಂಟೆ 46 ನಿಮಿಷ. ಭೂಕಂಪ. ಸತ್ತವರು 6,434 ಮಂದಿ. ಬಂದರನ್ನು ಪೂರ್ತಿ ಹೊಸದಾಗಿ ಕಟ್ಟಿದರೂ ಸುಮಾರು 60 ಮೀಟರ್ ಧಕ್ಕೆಯನ್ನು ಮಾತ್ರ ಮುರಿದಿದ್ದ ಹಾಗೇ ಬಿಟ್ಟಿದ್ದಾರೆ. ಸೀಳಿದ ಕಾಂಕ್ರೀಟು, ವಾಲಿದ ದೀಪದ ಕಂಬ, ನಡುವೆ ನೀರು. ಊರಿನ ಮಸೀದಿಗೆ ದುಡ್ಡು ಕೂಡಿಸಿದವರಲ್ಲಿ ಭಾರತದ ವರ್ತಕರೂ ಇದ್ದರು. 1935ರ ಆ ಕಟ್ಟಡ 1945ರ ಬಾಂಬಿಗೂ ಈ ಭೂಕಂಪಕ್ಕೂ ಜಗ್ಗದೆ ನಿಂತಿದೆ.

ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಏನೋ ಸಂಕಟ. ನಮ್ಮ ಭಟ್ಕಳ ವಿಜಯನಗರದ ಕಾಲಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು. ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಅದಿರಲಿ, ಸಿನಿಮಾಕ್ಕೇ ಬನ್ನಿ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇಂದು ನಮ್ಮ ಬಳಿ ಇಲ್ಲ! ಸುಬ್ಬಯ್ಯ ನಾಯ್ಡು ಅವರ ಆ ದನಿಯನ್ನು ನಾವು ಕೇಳುವ ಹಾಗಿಲ್ಲ. ಬೆಂಗಳೂರಿನ ಸುಬೇದಾರ್ ಛತ್ರಂ ರೋಡಿನ ‘ಕಪಾಲಿ’ ಥಿಯೇಟರೂ ನೆಲಸಮವಾಯಿತು. ಅವರು ಒಂದು ಪೆಟ್ಟಿಗೆ ಬಂದದ್ದಕ್ಕೆ ಕಲ್ಲು ನೆಟ್ಟರು, ನಾವು ರೀಲನ್ನೇ ಕಳಕೊಂಡೆವು.

ಕಲ್ಲು ನೆಡಲು ಸರ್ಕಾರ ಬೇಕು, ಒಪ್ಪಿದೆ. ಆದರೆ ಹಳೇ ಟಿಕೆಟು, ಹಾಡಿನ ಪುಸ್ತಕ, ವಾಲ್‌ಪೋಸ್ಟರ್ ಎತ್ತಿಡಲು ಯಾರು ಬೇಕು? ನಿಮ್ಮೂರಲ್ಲಿ ಟೂರಿಂಗ್ ಟಾಕೀಸು ನಡೆಸಿದವರು, ರೀಲು ಸುತ್ತಿದ ಆಪರೇಟರು ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಮಾತಾಡಿಸಿ. ಹೇಳಿದ್ದನ್ನು ಬರೆದಿಡಿ.

ಕೋಬೆಯಲ್ಲಿ ಹುಟ್ಟಿದ ಯೊದೊಗಾವಾ ಎಂಬ ವಿಮರ್ಶಕರು ಟಿ.ವಿ.ಯಲ್ಲಿ 32 ವರ್ಷ ವಾರವಾರ ಸಿನಿಮಾ ಪರಿಚಯಿಸಿ, ಕೊನೆಗೆ ಕೈಬೀಸಿ ಮೂರು ಸಲ ವಿದಾಯ ಹೇಳುತ್ತಿದ್ದರಂತೆ. ನಾನೂ ಹೇಳುತ್ತೇನೆ: ಸಯೊನಾರಾ, ಸಯೊನಾರಾ, ಸಯೊನಾರಾ!