ಹಳೆಯ ಮರಗೆಲಸದ ಯಂತ್ರಕ್ಕೆ ಹೊಸ ಮೋಟಾರು ಕೂಡಿಸುವ ಮುನ್ನ

ನಮ್ಮ ಕೆಲವು ಸದಸ್ಯರ ತೋಟಗಳಲ್ಲಿ ಹಿರಿಯರ ಕಾಲದ ಮರಗೆಲಸದ ಯಂತ್ರಗಳು ಇನ್ನೂ ಉಳಿದಿವೆ. ಹಲಗೆ ನುಣುಪು ಮಾಡುವ ಪ್ಲೇನರು, ಚಕ್ರಗರಗಸ, ತೂತು ಕೊರೆಯುವ ಭಾಗ, ಎಲ್ಲವೂ ಒಂದೇ ಬೀಡಿನ ಚೌಕಟ್ಟಿನಲ್ಲಿರುವಂಥವು. ಸಿಲ್ವರ್ ಓಕ್ ಹಲಗೆಯನ್ನು ಪೇಟೆಗೆ ಸಾಗಿಸುವ ಬಾಡಿಗೆ ನೋಡಿದರೆ ಇವನ್ನು ಗುಜರಿಗೆ ಹಾಕುವುದು ಜಾಣತನವಲ್ಲ. ಆದರೆ ಡೀಸೆಲ್ ಎಂಜಿನ್ನು ತೆಗೆದು ಮೋಟಾರು ಕೂಡಿಸುವವರು ಕೆಲವು ಭಾಗಗಳನ್ನು ಪರೀಕ್ಷಿಸದೆ ಸ್ವಿಚ್ಚು ಹಾಕಕೂಡದು.

ಮುಖ್ಯವಾದುದು ಪ್ಲೇನರಿನ ಬ್ಲೇಡು ಹಿಡಿದಿರುವ ಉರುಳೆ. ಬಹಳ ಹಳೆಯ ಯಂತ್ರಗಳಲ್ಲಿ ಇದು ಚೌಕವಾಗಿದ್ದು, ಬ್ಲೇಡುಗಳನ್ನು ಅದರ ಮುಖಗಳಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಚೌಕದ ಚಪ್ಪಟೆ ಮುಖ ಮೇಲೆ ಬಂದಾಗಲೆಲ್ಲ ಮೇಜಿಗೂ ಅದಕ್ಕೂ ನಡುವೆ ದೊಡ್ಡ ಬಾಯಿ ತೆರೆಯುತ್ತದೆ. ಕೈ ಜಾರಿದರೆ ಬೆರಳುಗಳು ಬುಡದವರೆಗೆ ಹೋಗುತ್ತವೆ. ದುಂಡು ಉರುಳೆಯಲ್ಲಿ ಬ್ಲೇಡು ಸುಮಾರು 1 ಮಿ.ಮೀ. ಮಾತ್ರ ಹೊರಗಿರುವುದರಿಂದ ಗಾಯವಾದರೂ ಆಳ ಕಡಿಮೆ. ಕೈಯಿಂದ ಹಲಗೆ ನೂಕುವ ಪ್ಲೇನರಿಗೆ ದುಂಡು ಉರುಳೆಯೇ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ ಕೆಳಗೆ ಬಂದ ನಿಯಮಗಳೇ ವಿಧಿಸಿದ್ದವು. ತೋಟದ ಶೆಡ್ಡಿಗೆ ಇನ್‌ಸ್ಪೆಕ್ಟರು ಬರುವುದಿಲ್ಲ, ಬೆರಳು ಮಾತ್ರ ಅದೇ ಬೆರಳು. ಚೌಕದ ಉರುಳೆಗೆ ವೆಲ್ಡಿಂಗ್ ಹಾಕಿ ದುಂಡು ಮಾಡುವ ಯೋಚನೆ ಬೇಡ. ಅಳತೆ ಕೊಟ್ಟು, ಈ ಕೆಲಸ ಬಲ್ಲ ಲೇತ್ ವರ್ಕ್‌ಶಾಪಿನಲ್ಲಿ ಉಕ್ಕಿನದನ್ನೇ ಹೊಸದಾಗಿ ಕಡೆಸಿ, ತೂಕ ಸರಿದೂಗಿಸಿ ತರತಕ್ಕದ್ದು.

ಬ್ಲೇಡುಗಳೂ ಒಂದೇ ತೂಕದವಿರಬೇಕು. ಸಾಣೆ ಹಿಡಿಸಿದ ಮೇಲೆ ಚಿನ್ನದ ತಕ್ಕಡಿಯಲ್ಲಿ ತೂಗಿಸಿದರೆ ತಪ್ಪಿಲ್ಲ. ಕೂಡಿಸುವಾಗ ನೇರವಾದ ಗಟ್ಟಿಮರದ ಪಟ್ಟಿಯನ್ನು ಹಿಂದಿನ ಮೇಜಿನ ಮೇಲಿಟ್ಟು ಉರುಳೆಯನ್ನು ಕೈಯಿಂದ ತಿರುಗಿಸಿರಿ. ಪ್ರತಿ ಬ್ಲೇಡೂ, ಎರಡೂ ತುದಿಯಲ್ಲಿ, ಪಟ್ಟಿಯನ್ನು ಅಷ್ಟಷ್ಟೇ ದೂರ ಎಳೆಯಬೇಕು.

ಇನ್ನು ವೇಗದ ಲೆಕ್ಕ. ಮೋಟಾರಿನ ವೇಗವನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ, ಉರುಳೆಯ ಪುಲ್ಲಿಯ ವ್ಯಾಸದಿಂದ ಭಾಗಿಸಬೇಕು. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 8 ಅಂಗುಲದ ಪುಲ್ಲಿ, ಉರುಳೆಗೆ 3 ಅಂಗುಲದ್ದಾದರೆ 3840 ಸುತ್ತು ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು 2880 ಸುತ್ತಿನ ಮೋಟಾರನ್ನು ಅದೇ ಪುಲ್ಲಿಗೆ ಕೂಡಿಸಿದರೆ 7680. ವೇಗ ಎರಡರಷ್ಟಾದರೆ ಬ್ಲೇಡನ್ನು ಹೊರಕ್ಕೆಸೆಯುವ ಬಲ ನಾಲ್ಕರಷ್ಟಾಗುತ್ತದೆ. ಹಳೆಯ ಬೋಲ್ಟುಗಳು ಅದನ್ನು ತಡೆದಾವೆಂದು ನಂಬುವಂತಿಲ್ಲ. ಅಂಥ ಮೋಟಾರಿಗೆ 4 ಅಂಗುಲದ ಪುಲ್ಲಿ ಸಾಕು.

ಗರಗಸದ ಹಿಂದೆ ನಿಲ್ಲುವ ಉಕ್ಕಿನ ಪಟ್ಟಿ ಎಷ್ಟೋ ಯಂತ್ರಗಳಲ್ಲಿ ಕಳೆದುಹೋಗಿರುತ್ತದೆ. ಹಸಿ ಹಲಗೆ ಸೀಳುವಾಗ ಬಿರುಕು ಮತ್ತೆ ಕೂಡಿ ಗರಗಸವನ್ನು ಕಚ್ಚಿದರೆ, ಹಲಗೆ ಆಳಿನ ಹೊಟ್ಟೆಗೇ ಬಡಿಯುತ್ತದೆ. ಪಟ್ಟಿ ಗರಗಸದ ತಗಡಿಗಿಂತ ದಪ್ಪ, ಕೊಯ್ತದ ಅಗಲಕ್ಕಿಂತ ತೆಳುವಾಗಿರಲಿ. ಮೇಜಿನ ಮಟ್ಟದಲ್ಲಿ ಹಲ್ಲಿನಿಂದ 10 ಮಿ.ಮೀ.ಗಿಂತ ದೂರವಿರಕೂಡದು.

ಪುಲ್ಲಿಯ ಲೆಕ್ಕ ಬೇಕಾದವರು ಮೋಟಾರಿನ ಫಲಕದ ಮೇಲಿನ ವೇಗವನ್ನೂ ಎರಡೂ ಪುಲ್ಲಿಗಳ ವ್ಯಾಸವನ್ನೂ ಬರೆದು ತಂದರೆ ಸಂಘದ ಕಚೇರಿಯಲ್ಲಿ ಹಾಕಿಕೊಡಲಾಗುವುದು.