ರೇಖೆಗಳಿಂದ ಭಾರವನ್ನಳೆದ ಉಪಾಧ್ಯಾಯ

ರೈಲುಗಾಡಿಯು ಸೇತುವೆಯ ಮೇಲೆ ಸಾಗುವಾಗ ಅದರ ಒಂದೊಂದು ತೊಲೆಯೂ ಎಷ್ಟು ಭಾರವನ್ನು ತಾಳುತ್ತಿದೆಯೆಂದು ಪ್ರಯಾಣಿಕರಾದ ನಾವು ಕೇಳುವುದಿಲ್ಲ. ಯಾರೋ ಮೊದಲೇ ಲೆಕ್ಕಹಾಕಿರುವರೆಂದು ನಂಬಿ ಕುಳಿತಿರುತ್ತೇವೆ. ಆ ಲೆಕ್ಕವನ್ನು ಸಾಮಾನ್ಯ ಇಂಜಿನಿಯರನ ಕೈಗೆಟುಕುವಂತೆ ಮಾಡಿದವರಲ್ಲಿ ಕಾರ್ಲ್ ಕುಲ್ಮನ್ ಪ್ರಮುಖನು.

ಈತನು 1821ರಲ್ಲಿ ಜರ್ಮನಿಯ ಬೆರ್ಗ್‌ತ್ಸಾಬರ್ನ್ ಎಂಬ ಊರಿನಲ್ಲಿ ಜನಿಸಿದನು; ಕಾರ್ಲ್ಸ್‌ರೂಹೆಯಲ್ಲಿ ವ್ಯಾಸಂಗ ಮಾಡಿ, ಬವೇರಿಯಾ ರಾಜ್ಯದ ರೈಲ್ವೆ ಕೆಲಸಕ್ಕೆ ಸೇರಿದನು. 1849ರಲ್ಲಿ ಹೊರಟು ಸುಮಾರು ಎರಡು ವರ್ಷಗಳ ಕಾಲ ಇಂಗ್ಲೆಂಡ್ ಅಮೆರಿಕಗಳಲ್ಲಿ ಸಂಚರಿಸಿದನು. ಅಮೆರಿಕದಲ್ಲಿ ಆಗ ಮರದ ತೊಲೆಗಳನ್ನು ಅಡ್ಡಲಾಗಿಯೂ ಓರೆಯಾಗಿಯೂ ಹೆಣೆದು ರೈಲು ಸೇತುವೆಗಳನ್ನು ಕಟ್ಟುತ್ತಿದ್ದರು. ಕಟ್ಟುವವರ ಧೈರ್ಯವು ಅನೇಕ ವೇಳೆ ಲೆಕ್ಕಕ್ಕಿಂತ ಮುಂದಿತ್ತು. ಕುಲ್ಮನ್ನನು ಅವುಗಳ ವಿವರಗಳನ್ನು ಸಂಗ್ರಹಿಸಿ, ತೊಲೆಗಳ ಮೇಲಣ ಬಲಗಳನ್ನು ಗಣಿಸಿ, ಸ್ವದೇಶಕ್ಕೆ ಮರಳಿದ ಮೇಲೆ ಪ್ರಕಟಿಸಿದನು.

1855ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಹೊಸದಾಗಿ ತೆರೆದ ಪಾಲಿಟೆಕ್ನಿಕ್ ವಿದ್ಯಾಲಯವು ಆತನನ್ನು ಪ್ರಾಧ್ಯಾಪಕನಾಗಿ ಬರಮಾಡಿಕೊಂಡಿತು. ದಾರಿಯಲ್ಲಿ ಕಂಡ ಪ್ರಶ್ನೆಗೆ ಆತನು ಉತ್ತರವನ್ನು ರೂಪಿಸಿದುದು ಅಲ್ಲಿಯ ಪಾಠದ ಕೊಠಡಿಯಲ್ಲಿ.

ಆ ಉತ್ತರದ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಮೂರು ಹಗ್ಗಗಳು ಒಂದು ಉಂಗುರವನ್ನು ಎಳೆಯುತ್ತಿದ್ದು, ಉಂಗುರವು ನಿಶ್ಚಲವಾಗಿದೆಯೆಂದು ಭಾವಿಸೋಣ. ಒಂದು ಮಣಕ್ಕೆ ಒಂದು ಅಂಗುಲದಂತೆ, ಪ್ರತಿಯೊಂದು ಬಲವನ್ನೂ ಅದರ ದಿಕ್ಕಿನಲ್ಲಿಯೇ ಗೆರೆಯಾಗಿ ಎಳೆದು, ಒಂದರ ತುದಿಗೆ ಮತ್ತೊಂದರ ಮೊದಲನ್ನು ಸೇರಿಸಿದರೆ ಮುಚ್ಚಿದ ತ್ರಿಕೋಣವೊಂದು ದೊರೆಯುವುದು. ಒಂದು ಬಲದ ಪ್ರಮಾಣವೂ ಮೂರರ ದಿಕ್ಕುಗಳೂ ಗೊತ್ತಿದ್ದರೆ, ಉಳಿದೆರಡು ಬಲಗಳನ್ನು ಅಳತೆಪಟ್ಟಿಯಿಂದಲೇ ಅಳೆಯಬಹುದು. ಕೆಲಸದಲ್ಲಿ ತಪ್ಪಿದಲ್ಲಿ ಆಕೃತಿಯು ಕೊನೆಗೆ ಕೂಡಿಕೊಳ್ಳುವುದಿಲ್ಲ; ತಪ್ಪು ಕಣ್ಣಿಗೇ ಕಾಣುವುದು. ಈ ಮೂಲತತ್ತ್ವವು ಹಳೆಯದು. ಅದನ್ನು ಸೇತುವೆ, ಕಮಾನು, ತಡೆಗೋಡೆಗಳಿಗೆಲ್ಲ ಅನ್ವಯಿಸಿ ಒಂದು ಶಾಸ್ತ್ರವನ್ನಾಗಿ ಮಾಡಿದ ಕೀರ್ತಿ ಕುಲ್ಮನ್ನನದು. 'ರೇಖಾತ್ಮಕ ಸ್ಥಿತಿಶಾಸ್ತ್ರ'ವನ್ನು ಕುರಿತ ಆತನ ಗ್ರಂಥವು 1866ರಲ್ಲಿ ಪೂರ್ಣವಾಯಿತು. ಅದು ಸುಲಭವಾದ ಗ್ರಂಥವಲ್ಲ. ಅದನ್ನು ಸರಳಗೊಳಿಸುವ ಕೆಲಸವನ್ನು ಬೇರೆಯವರು ಮಾಡಬೇಕಾಯಿತು.

ಕುಲ್ಮನ್ನನು 1881ರಲ್ಲಿ ತೀರಿಕೊಂಡನು. ಮೂರು ವರ್ಷಗಳ ತರುವಾಯ ಆತನ ಶಿಷ್ಯನಾದ ಮೋರಿಸ್ ಕೆಕ್ಲನ್, ಎಮಿಲ್ ನುಗಿಯೇ ಎಂಬ ಇಂಜಿನಿಯರನೊಡನೆ, ಕಬ್ಬಿಣದ ಮಹಾಗೋಪುರವೊಂದರ ಮೊದಲ ನಕ್ಷೆಯನ್ನು ಸಿದ್ಧಪಡಿಸಿದನು. 1889ರಲ್ಲಿ ಪ್ಯಾರಿಸಿನಲ್ಲಿ ಅದು ಎದ್ದು ನಿಂತಾಗ ಲೋಕವು ಅದನ್ನು ಐಫೆಲನ ಹೆಸರಿನಿಂದ ಕರೆಯಿತು. ಗುರುವಿನ ಹೆಸರು ಅಲ್ಲಿ ಯಾರಿಗೂ ನೆನಪಾಗಬೇಕಾಗಿಲ್ಲ. ಆದರೆ ಪದವಿಯಿಂದ ನೇರವಾಗಿ ಉಪಾಧ್ಯಾಯಪೀಠವನ್ನೇರಿದ ನಮ್ಮಂಥವರು ಆತನನ್ನು ಮರೆಯಲಾಗದು: ಆತನು ಕಲಿಸಿದುದು ತಾನು ಸೇತುವೆಯ ಕೆಳಗೆ ನಿಂತು ಕೇಳಿಕೊಂಡ ಪ್ರಶ್ನೆಯನ್ನು.